ಶ್ರುತಿ ಹಿಡಿದವರ ಹೊಣೆ

ವಿಶ್ವವಿದ್ಯಾಲಯದಲ್ಲಿ ಓದುವ ವಿದ್ಯಾರ್ಥಿಗಳು ಕೂಡಿಕೊಂಡು ಒಂದು ಸಂಗೀತ ಸಂಘವನ್ನು ಕಟ್ಟಿಕೊಳ್ಳುತ್ತಾರೆ. ಅದಕ್ಕೊಬ್ಬ ಕಾರ್ಯದರ್ಶಿ ಬೇಕು. ಆತನು ಎಂಥವನಾಗಿರಬೇಕು? ತನ್ನ ಜೊತೆಗಾರರ ವಿಷಯದಲ್ಲಿ ಆತನ ಧರ್ಮವೇನು? ಮೇಲ್ನೋಟಕ್ಕೆ ಇದು ಕಿರಿಯರ ಮೇಳದ ಸಣ್ಣ ಪ್ರಶ್ನೆಯಾಗಿ ತೋರಬಹುದು. ಆದರೆ ವಾಚಕರು ನಮ್ಮೊಡನೆ ತುಸು ತಾಳ್ಮೆಯಿಂದ ಆಲೋಚಿಸಿದರೆ, ನಾಲ್ಕು ಜನರ ಮುಂದಾಳಾಗಿ ನಿಲ್ಲುವ ಪ್ರತಿಯೊಬ್ಬನಿಗೂ ಎದುರಾಗುವ ನೈತಿಕ ಸಮಸ್ಯೆಯು ಇದರೊಳಗೆ ಅಡಗಿದೆಯೆಂಬುದು ಮನವರಿಕೆಯಾಗುತ್ತದೆ. ಈ ಪತ್ರಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಧ್ಯಾಪಕರಾಗಿದ್ದೀರಿ. ಅನೇಕರ ಮಕ್ಕಳು ಧಾರವಾಡ, ಮೈಸೂರು, ಕಲಬುರಗಿ, ಬೆಂಗಳೂರುಗಳಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ. ಆದುದರಿಂದ ಈ ವಿಚಾರವು ನಿಮಗೆ ದೂರದ್ದಲ್ಲ.

ಮೊದಲಿಗೆ, ಇಂಥ ಸಂಘಗಳನ್ನು ಕೇವಲ ಬಿಡುವಿನ ವೇಳೆಯ ವಿನೋದವೆಂದು ಎಣಿಸುವುದು ತಪ್ಪು. ಒಂದು ಕಾಲದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಅರಸರ ಆಸ್ಥಾನಗಳೂ ದೇವಾಲಯಗಳೂ ಆಶ್ರಯವಾಗಿದ್ದವು. ಆ ಆಶ್ರಯವು ಕ್ಷೀಣಿಸತೊಡಗಿದಾಗ ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸಾರ್ವಜನಿಕರ ನೆರವಿನಿಂದಲೇ ಸಂಗೀತ ಶಾಲೆ ನಡೆಯಬಲ್ಲುದೆಂಬುದನ್ನು ತೋರಿಸಿಕೊಟ್ಟರು. ವಿಷ್ಣು ನಾರಾಯಣ ಭಾತಖಂಡೆಯವರು ೧೯೧೬ರಲ್ಲಿ ಬರೋಡೆಯಲ್ಲಿ ಅಖಿಲ ಭಾರತ ಸಂಗೀತ ಪರಿಷತ್ತನ್ನು ಸೇರಿಸಿದರು. ೧೯೨೬ರಲ್ಲಿ ಲಖನೌ ನಗರದಲ್ಲಿ ಸಂಗೀತ ಮಹಾವಿದ್ಯಾಲಯದ ಸ್ಥಾಪನೆಗೆ ಕಾರಣರಾದರು. ಮುಂದೆ ೧೯೭೭ರಲ್ಲಿ ದಿಲ್ಲಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಕಿರಣ್ ಸೇಠ್ ಅವರು ಸ್ಪಿಕ್ ಮೆಕೆ ಎಂಬ ಸಂಸ್ಥೆಯನ್ನು ಪ್ರಾರಂಭಿಸಿ, ಶ್ರೇಷ್ಠ ಕಲಾವಿದರನ್ನು ನೇರವಾಗಿ ವಿದ್ಯಾರ್ಥಿಗಳ ನಡುವೆ ತಂದು ಕೂರಿಸಿದರು. ಅದನ್ನು ಊರೂರಿನಲ್ಲಿ ನಡೆಸಿಕೊಂಡು ಬಂದವರಲ್ಲಿ ಸ್ವಯಂಸೇವಕರಾದ ವಿದ್ಯಾರ್ಥಿಗಳೇ ಬಹಳ. ಆಸ್ಥಾನದಿಂದ ಸಭೆಗೆ, ಸಭೆಯಿಂದ ವಿದ್ಯಾಲಯಕ್ಕೆ ಸಂಗೀತವು ನಡೆದುಬಂದ ಈ ದಾರಿಯನ್ನು ನೋಡಿದರೆ, ಹಿಂದೆ ಅರಸನು ಹೊತ್ತ ಹೊಣೆಯ ಒಂದು ಪಾಲನ್ನು ಇಂದು ಇಪ್ಪತ್ತು ವರ್ಷದ ತರುಣನೊಬ್ಬನು ಹೊತ್ತಿದ್ದಾನೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಅರಸನಿಗೆ ಬೊಕ್ಕಸವಿತ್ತು, ಇವನಿಗೆ ಅದೂ ಇಲ್ಲ.

ಇಂಥ ಸಂಘಕ್ಕೆ ಯಾರು ಮುಂದಾಳಾಗಬೇಕೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಎಲ್ಲರಿಗಿಂತ ಚೆನ್ನಾಗಿ ಹಾಡುವವನೇ ಆಗಬೇಕೆಂಬುದು ಒಂದು. ಹಾಡು ಬಾರದಿದ್ದರೂ ಚಿಂತೆಯಿಲ್ಲ, ಹಣ ಕೂಡಿಸಿ ಬಹುಮಾನ ಗೆದ್ದು ತರುವ ಚತುರನಾಗಿದ್ದರೆ ಸಾಕೆಂಬುದು ಇನ್ನೊಂದು. ಮೊದಲನೆಯ ಉತ್ತರವು ವಿದ್ಯೆಯನ್ನೂ, ಎರಡನೆಯದು ಸಾಮರ್ಥ್ಯವನ್ನೂ ಕೇಳುತ್ತದೆ. ಎರಡೂ ಬೇಕಾದವುಗಳೇ. ಆದರೆ ಜೊತೆಗಾರರನ್ನು ಆತನು ಹೇಗೆ ಕಾಣುತ್ತಾನೆಂಬುದನ್ನು ಎರಡು ಉತ್ತರಗಳೂ ಕೇಳುವುದಿಲ್ಲ.

ಆ ಪ್ರಶ್ನೆಯು ಎಲ್ಲಿ ತಲೆಯೆತ್ತುತ್ತದೆಯೆಂಬುದನ್ನು ನೋಡೋಣ. ವಿಶ್ವವಿದ್ಯಾಲಯಗಳ ನಡುವೆ ನಡೆಯುವ ಯುವಜನೋತ್ಸವದ ಸಮೂಹಗಾನ ಸ್ಪರ್ಧೆಯಲ್ಲಿ ಒಂದು ತಂಡಕ್ಕೆ ಹೆಚ್ಚೆಂದರೆ ೬ ಜನ ಗಾಯಕರು, ೩ ಜನ ವಾದ್ಯಗಾರರು ಎಂಬ ಕಟ್ಟಳೆಯಿದೆ. ಸಂಘದಲ್ಲಿ ೪೦ ಜನ ಹಾಡುವ ಹಂಬಲದಿಂದ ಸೇರಿದ್ದಾರೆಂದು ಭಾವಿಸಿರಿ. ೩೪ ಜನರಿಗೆ ಕಾರ್ಯದರ್ಶಿಯು ‘ನೀನಲ್ಲ’ ಎಂದು ಹೇಳಲೇಬೇಕು. ಅವರಲ್ಲಿ ಒಬ್ಬಳು ಹಳ್ಳಿಯಿಂದ ಬಂದ ವಿದ್ಯಾರ್ಥಿನಿ. ಒಂದು ಸಂಜೆಯೂ ತಪ್ಪಿಸದೆ ಬಂದವಳು. ಜಮಖಾನೆ ಹಾಸಿದವಳು, ತಂಬೂರಿ ಒರೆಸಿಟ್ಟವಳು. ಆದರೆ ತಾರಸ್ಥಾಯಿಯನ್ನು ಮುಟ್ಟುವಾಗ ಆಕೆಯ ಕಂಠವು ಶ್ರುತಿಯಿಂದ ಕೊಂಚ ಜಾರುತ್ತದೆ. ಇನ್ನೊಬ್ಬನು ಹುಟ್ಟು ಪ್ರತಿಭಾವಂತ. ಸ್ಪರ್ಧೆಗೆ ಎಂಟು ದಿನವಿರುವಾಗ ಮಾತ್ರ ಕಾಣಿಸಿಕೊಳ್ಳುತ್ತಾನೆ. ಉಳಿದಿರುವುದು ಆರನೆಯ ಸ್ಥಾನವೊಂದೇ. ಅದು ಯಾರಿಗೆ ಸಲ್ಲಬೇಕು?

ಕಲೆಗೆ ದಯೆಯಿಲ್ಲ, ಚೆನ್ನಾಗಿ ಹಾಡುವವನಿಗೇ ಸಲ್ಲಬೇಕೆಂದು ಕೆಲವರು ಹೇಳುತ್ತಾರೆ. ದುಡಿದವಳನ್ನು ಕೈಬಿಡುವುದು ಅನ್ಯಾಯವೆಂದು ಇನ್ನು ಕೆಲವರು ಹೇಳುತ್ತಾರೆ. ಈ ಇಬ್ಬರ ನಡುವೆ ತೀರ್ಪು ಹೇಳುವ ಮುನ್ನ ನಮ್ಮ ಶಾಸ್ತ್ರಕಾರನೊಬ್ಬನ ಮಾತನ್ನು ಕೇಳುವುದು ಉಚಿತ. ಕ್ರಿ.ಶ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ವನ್ನು ರಚಿಸಿದನು. ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನು ೧೫ನೆಯ ಶತಮಾನದ ವಿಜಯನಗರದವನು. ಒಬ್ಬಂಟಿ ಗಾಯಕನ ಗುಣದೋಷಗಳನ್ನು ವಿವರಿಸಿದ ಶಾರ್ಙ್ಗದೇವನು ‘ವೃಂದ’ವನ್ನು, ಅಂದರೆ ಕೂಡಿ ಹಾಡುವ ಮೇಳವನ್ನು, ಬೇರೆಯಾಗಿಯೇ ವಿಚಾರಿಸುತ್ತಾನೆ. ಉತ್ತಮ ವೃಂದದಲ್ಲಿ ಮುಖ್ಯ ಗಾಯಕರು ನಾಲ್ವರು, ಅವರೊಡನೆ ಸಮವಾಗಿ ಹಾಡುವವರು ಎಂಟು ಜನ, ಗಾಯಕಿಯರು ಹನ್ನೆರಡು ಜನ. ಇವರಲ್ಲದೆ ಕೊಳಲಿನವರೂ ಮೃದಂಗದವರೂ ಇರಬೇಕೆನ್ನುತ್ತಾನೆ. ವೃಂದಕ್ಕೆ ಆರು ಗುಣಗಳನ್ನು ಹೇಳುತ್ತಾನೆ: ಮುಖ್ಯ ಗಾಯಕನನ್ನು ಅನುಸರಿಸುವುದು, ಒಂದಾಗಿ ಬೆರೆಯುವುದು, ತಾಳವನ್ನು ಬಿಡದೆ ನಡೆಯುವುದು, ಒಬ್ಬರಲ್ಲಿ ಕಡಿದುಹೋದುದನ್ನು ಇನ್ನೊಬ್ಬರು ತುಂಬಿಕೊಡುವುದು, ಮೂರು ಸ್ಥಾಯಿಗಳಲ್ಲಿಯೂ ವ್ಯಾಪಿಸುವ ಶಕ್ತಿ, ಮತ್ತು ಧ್ವನಿಗಳ ಸಾದೃಶ್ಯ.

ಈ ಪಟ್ಟಿಯಲ್ಲಿ ನಾಲ್ಕನೆಯದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಹಾಡುವಾಗ ಒಬ್ಬನ ಉಸಿರು ತುಂಡಾಗುತ್ತದೆ; ಪಕ್ಕದವನು ಸ್ವರವನ್ನು ಹಿಡಿದುಕೊಂಡು ಕೇಳುವವರಿಗೆ ಆ ಬಿರುಕು ತೋರದಂತೆ ಮಾಡುತ್ತಾನೆ. ಇದನ್ನು ಶಾಸ್ತ್ರವು ದಯೆಯೆಂದು ಕರೆಯದೆ ಗುಣವೆಂದು ಕರೆದಿದೆ. ಎಂದರೆ ಜೊತೆಗಾರನ ಕೊರತೆಯನ್ನು ತುಂಬುವುದು ಕಲೆಯ ಹೊರಗಿನ ಉಪಕಾರವಲ್ಲ. ಅದು ಕಲೆಯ ಒಳಗಿನ ಯೋಗ್ಯತೆಯೇ. ಹೀಗಿರುವಾಗ ಎಂಟು ದಿನ ಮೊದಲು ಬಂದ ಪ್ರತಿಭಾವಂತನು ಏಕವ್ಯಕ್ತಿ ಗಾಯನಕ್ಕೆ ಯೋಗ್ಯನಿರಬಹುದು. ಆದರೆ ಪಕ್ಕದವರ ಉಸಿರು ಎಲ್ಲಿ ಮುರಿಯುತ್ತದೆಂಬುದನ್ನು ಅರಿಯದವನು ವೃಂದದ ಮಟ್ಟಿಗೆ ಇನ್ನೂ ಯೋಗ್ಯನಾಗಿಲ್ಲ. ನಿತ್ಯ ಬಂದವಳಿಗೆ ಆ ಅರಿವು ಇದೆ. ಅವಳ ಜಾರುವಿಕೆಯನ್ನು ಉಳಿದ ಐವರು ತುಂಬಬಲ್ಲರಾದರೆ ಸ್ಥಾನವು ಅವಳದೇ. ತುಂಬಲಾರದಷ್ಟು ಅದು ದೊಡ್ಡದಾಗಿದ್ದರೆ ಅವಳಿಗೂ ಇಲ್ಲವೆನ್ನಬೇಕು. ಆ ಸ್ಥಾನವನ್ನು ನಿತ್ಯ ಬರುವ ಬೇರೊಬ್ಬರಿಗೆ ಕೊಡಬೇಕು.

ಇಲ್ಲಿಯೇ ಮುಂದಾಳಿನ ನಿಜವಾದ ಪರೀಕ್ಷೆ. ‘ಇಲ್ಲ’ ಎನ್ನುವುದಕ್ಕೆ ಮೂರು ದಾರಿಗಳಿವೆ. ಹೆಸರುಗಳ ಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸಿ ಮರೆಯಾಗುವುದು ಒಂದು. ‘ನೀನು ಬಹಳ ಚೆನ್ನಾಗಿ ಹಾಡುತ್ತೀ, ಆದರೆ ಮೇಲಿನವರು ಒಪ್ಪಲಿಲ್ಲ’ ಎಂದು ಸುಳ್ಳಿನ ಸಕ್ಕರೆಯನ್ನು ಸವರುವುದು ಇನ್ನೊಂದು. ಮೊದಲನೆಯದು ಹೇಡಿತನ, ಎರಡನೆಯದು ಮೇಲ್ನೋಟಕ್ಕೆ ಕರುಣೆಯಾಗಿ ತೋರಿದರೂ ಅವಳಿಂದ ತಿದ್ದಿಕೊಳ್ಳುವ ಅವಕಾಶವನ್ನೇ ಕಸಿದುಕೊಳ್ಳುವುದರಿಂದ ಹೆಚ್ಚಿನ ಕ್ರೌರ್ಯ. ಮೂರನೆಯ ದಾರಿಯು ಕಠಿಣವಾದುದು. ಅವಳನ್ನು ಕೂರಿಸಿಕೊಂಡು, ತಂಬೂರಿಯನ್ನು ಮೀಟಿ, ಸ್ವರವು ಎಲ್ಲಿ ಜಾರುತ್ತದೆಂಬುದನ್ನು ಅವಳ ಕಿವಿಗೇ ಕೇಳಿಸಿ, ಅದನ್ನು ಸರಿಪಡಿಸುವವರೆಗೆ ಜೊತೆಗಿರುತ್ತೇನೆಂದು ಮಾತು ಕೊಟ್ಟು, ಆ ಮಾತನ್ನು ಸ್ಪರ್ಧೆ ಮುಗಿದ ಮೇಲೆಯೂ ನಡೆಸುವುದು. ಹತ್ತೊಂಬತ್ತರ ವಯಸ್ಸಿನಲ್ಲಿ ಒರಟಾಗಿ ‘ನಿನಗೆ ಹಾಡು ಬಾರದು’ ಎನ್ನಿಸಿಕೊಂಡವರು ಮತ್ತೆ ಜೀವಮಾನದಲ್ಲಿ ಬಾಯಿ ತೆರೆಯದೆ ಇರುವುದುಂಟು. ತೊಟ್ಟಿಲ ಮುಂದೆ ಕೂಡ ಹಾಡಲು ಅಂಜುವ ತಾಯಂದಿರನ್ನು ನಾವು ಕಂಡಿದ್ದೇವೆ. ಒಂದು ಕಪ್ಪು ಫಲಕದಲ್ಲಿ ಒಂದು ಹೆಸರು ಇಲ್ಲದಿರುವುದು ಎಷ್ಟು ದೂರ ಹೋಗಿ ಮುಟ್ಟುತ್ತದೆಂಬುದನ್ನು ಕಾರ್ಯದರ್ಶಿಯಾದವನು ನೆನೆಯಬೇಕು.

ಹಾಗಾದರೆ ನಾವು ಹೇಳಬಯಸುವುದಿಷ್ಟೆ: ವೇದಿಕೆಯ ನ್ಯಾಯ ಬೇರೆ, ಅಭ್ಯಾಸದ ಕೊಠಡಿಯ ನ್ಯಾಯ ಬೇರೆ. ವೇದಿಕೆಯಲ್ಲಿ ಯೋಗ್ಯತೆಗೆ ಕಟ್ಟುನಿಟ್ಟು ಇರಲಿ. ಕೊಠಡಿಯ ಬಾಗಿಲಲ್ಲಿ ಯಾರಿಗೂ ತಡೆಯಿರಬಾರದು. ಅನೇಕ ಸಂಘಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ಬಾಗಿಲಲ್ಲಿ ಪರೀಕ್ಷೆಯಿಟ್ಟು ಕಲಿಯಬಂದವರನ್ನು ಹಿಂದಕ್ಕೆ ಕಳುಹಿಸುತ್ತಾರೆ. ವೇದಿಕೆಯಲ್ಲಿ ಮಾತ್ರ ಗೆಳೆತನ, ಊರು, ಜಾತಿಗಳ ದಾಕ್ಷಿಣ್ಯಕ್ಕೆ ಒಳಗಾಗುತ್ತಾರೆ.

ತೆರೆದ ಬಾಗಿಲಿನಿಂದ ಕಲೆಯ ಮಟ್ಟ ಇಳಿಯುತ್ತದೆಂದು ಅಂಜುವವರು ಗದುಗಿನ ಕಡೆಗೆ ನೋಡಬೇಕು. ಸ್ವತಃ ಅಂಧರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಹಾಗೂ ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದರು. ಕಣ್ಣಿಲ್ಲದವರಿಗೂ ದಿಕ್ಕಿಲ್ಲದವರಿಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನದೊಡನೆ ವಿದ್ಯೆಯನ್ನಿತ್ತರು. ಅಲ್ಲಿ ಸೇರುವವನಿಗೆ ಬೇಕಾಗಿದ್ದುದು ಹಸಿವು ಮತ್ತು ಹಂಬಲ ಮಾತ್ರ. ಆ ಬಾಗಿಲಿನಿಂದಲೇ ಪುಟ್ಟರಾಜ ಗವಾಯಿಗಳೂ ಬಸವರಾಜ ರಾಜಗುರುಗಳೂ ಹೊರಬಂದರು. ಎಲ್ಲರನ್ನೂ ಒಳಗೆ ಕರೆದುಕೊಂಡುದರಿಂದ ಕಲೆಯು ಕೆಳಗಿಳಿಯಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಶ್ರುತಿಯ ವಿಚಾರ. ಸಮೂಹಗಾನಕ್ಕೆ ಗಂಡಸರೂ ಹೆಂಗಸರೂ ಕೂಡಿದಾಗ ಶ್ರುತಿ ಯಾವುದೆಂಬ ಪ್ರಶ್ನೆ ಬರುತ್ತದೆ. ಸಾಮಾನ್ಯವಾಗಿ ಗಂಡು ಕಂಠಕ್ಕೆ ಪೇಟಿಯ ಕಪ್ಪು ಒಂದು ಒಗ್ಗಿದರೆ, ಹೆಣ್ಣು ಕಂಠಕ್ಕೆ ಕಪ್ಪು ನಾಲ್ಕೋ ಐದೋ ಒಗ್ಗುತ್ತದೆ. ಒಬ್ಬರಿಗೆ ಹಿತವಾದುದು ಇನ್ನೊಬ್ಬರ ಗಂಟಲನ್ನು ಹಿಂಡುತ್ತದೆ. ಮುಂದಾಳು ಏನು ಮಾಡುತ್ತಾನೆ? ಬಹುಮಟ್ಟಿಗೆ ತನ್ನ ಕಂಠಕ್ಕೆ ಹೊಂದುವ ಶ್ರುತಿಯನ್ನು ಇಟ್ಟುಬಿಡುತ್ತಾನೆ. ಅದರಲ್ಲೊಂದು ಪಕ್ಷಪಾತವಿದೆಯೆಂದು ಅವನಿಗೆ ಹೊಳೆಯುವುದೂ ಇಲ್ಲ. ಅಧಿಕಾರದ ದೋಷಗಳಲ್ಲಿ ಬಹುಪಾಲು ಹೀಗೆಯೇ ಹುಟ್ಟುತ್ತವೆ. ತನಗೆ ಹಿತವಾದುದೇ ಎಲ್ಲರಿಗೂ ಸಹಜವೆಂದು ನಂಬುವುದು ದುಷ್ಟತನವಲ್ಲ, ಕಿವುಡುತನ. ಎಲ್ಲರ ಕಂಠವನ್ನೂ ಒಮ್ಮೆ ಆಲಿಸಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟವಾಗುವ, ಯಾರಿಗೂ ಅಸಾಧ್ಯವಾಗದ ನಡುವಿನ ಶ್ರುತಿಯನ್ನು ಹುಡುಕುವುದು ಮುಂದಾಳಿನ ಮೊದಲ ಕರ್ತವ್ಯ. ಆ ಶ್ರುತಿಯಲ್ಲಿ ಆತನ ಸ್ವಂತ ಕಂಠವು ಅಷ್ಟು ಶೋಭಿಸದಿರಬಹುದು. ಅದನ್ನು ಆತನು ಸಹಿಸಬೇಕು.

ಹಾಡಿನ ಆಚೆಗೂ ಒಂದು ಹೊಣೆಯಿದೆ. ೧೯೨೪ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆಯನ್ನು ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಅಂದು ತಮ್ಮನ್ನು ಕಾಡಿದ ಅಂಜಿಕೆಯು ಹಾಡಿನದಾಗಿರದೆ, ಕೆಳಜಾತಿಯವಳೆಂದು ಊಟದ ಎಲೆ ತೆಗೆಯಲು ಹೇಳಿಬಿಟ್ಟಾರೆಂಬುದಾಗಿತ್ತೆಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಎಂಥ ಸಭೆ! ಎಂಥ ಕಂಠ! ಆದರೆ ಆ ಮಗುವಿನ ಮನಸ್ಸಿನಲ್ಲಿದ್ದುದು ಪಂಕ್ತಿಯ ಭಯ. ಇಂದಿನ ಸಂಘಗಳಲ್ಲಿ ಈ ಭಯವು ಬೇರೆ ವೇಷದಲ್ಲಿ ಸುಳಿಯುತ್ತದೆ. ಇಂಗ್ಲಿಷ್ ಸರಾಗವಾಗಿ ಬಾರದವನು, ಮನೆಯಲ್ಲಿ ಸಂಗೀತ ಕೇಳದೆ ಬೆಳೆದವಳು, ಭಜನೆಯ ಹಾಡಷ್ಟೇ ಬಲ್ಲವನು ಮೂಲೆಯಲ್ಲಿ ಕುಳಿತಿರುತ್ತಾರೆ. ಹಾಡು ಮುಗಿದ ಮೇಲೆ ಚಹಾ ಕುಡಿಯುವಾಗ ಅವರ ಪಕ್ಕದಲ್ಲಿ ಯಾರು ಕೂಡುತ್ತಾರೆಂಬುದು ಸಹ ಮುಂದಾಳಿನ ಲೆಕ್ಕದೊಳಗೆ ಬರುವ ವಿಷಯ.

ಕೊನೆಯದಾಗಿ, ಈ ಪದವಿಯ ಆಯುಷ್ಯವು ಬಹಳ ಚಿಕ್ಕದು. ಮಠಗಳಿಗೆ ಪೀಠಪರಂಪರೆಯಿದೆ, ಸರಕಾರಕ್ಕೆ ಕಡತಗಳಿವೆ. ವಿದ್ಯಾರ್ಥಿ ಸಂಘಕ್ಕೆ ಎರಡೂ ಇಲ್ಲ. ಪರೀಕ್ಷೆ ಮುಗಿದೊಡನೆ ಕಾರ್ಯದರ್ಶಿಯು ಊರಿಗೆ ಹೊರಡುತ್ತಾನೆ. ಆದುದರಿಂದ ಆತನು ಗೆದ್ದ ಫಲಕಗಳನ್ನು ನಾವು ಎಣಿಸುವುದಿಲ್ಲ. ಹೋಗುವಾಗ ಲೆಕ್ಕದ ಪುಸ್ತಕವನ್ನು ಶುದ್ಧವಾಗಿ ಒಪ್ಪಿಸಿದನೆ, ತಂಬೂರಿಯ ತಂತಿಗಳನ್ನು ಸರಿಮಾಡಿಟ್ಟನೆ, ತನಗಿಂತ ಕಿರಿಯರಾದ ಇಬ್ಬರಿಗಾದರೂ ಅದನ್ನು ಶ್ರುತಿಗೊಳಿಸುವುದನ್ನು ಕಲಿಸಿದನೆ ಎಂದು ಕೇಳುತ್ತೇವೆ. ಇಂದು ಕೈಯೊಳಗಿನ ಫೋನಿನಲ್ಲಿಯೇ ತಂಬೂರಿಯ ನಾದವು ಹೊರಡುತ್ತದೆ, ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ನಾಲ್ಕು ತಂತಿಗಳನ್ನು ಒಂದಕ್ಕೊಂದು ಹೊಂದಿಸುತ್ತ ಕಿವಿಗೊಟ್ಟು ಕೂತಾಗ ಬರುವ ತಾಳ್ಮೆಯನ್ನು ಯಂತ್ರವು ಕೊಡಲಾರದು. ಮನುಷ್ಯರನ್ನು ಹೊಂದಿಸುವುದಕ್ಕೂ ಬೇಕಾಗುವುದು ಅದೇ ತಾಳ್ಮೆ.

ಹೀಗೆ ನಡೆದುಕೊಂಡ ಸಂಘಕ್ಕೆ ಬಹುಮಾನ ತಪ್ಪಿಹೋಗಬಹುದು. ಅದನ್ನು ನಾವು ಮುಚ್ಚಿಡುವುದಿಲ್ಲ. ಪ್ರತಿಭಾವಂತನನ್ನು ಬಿಟ್ಟು ಹೋದ ವರ್ಷ ಬೇರೊಂದು ವಿಶ್ವವಿದ್ಯಾಲಯದವರು ಮೊದಲಿಗರಾಗಬಹುದು. ಗೆಳೆಯರು ಮುಂದಾಳನ್ನೇ ದೂರಬಹುದು. ಆ ನಷ್ಟವನ್ನು ತಿಳಿದೂ ಒಪ್ಪಿಕೊಳ್ಳುವವನಿಗೆ ಮಾತ್ರ ಈ ಹೊಣೆ ಸಲ್ಲುತ್ತದೆ. ತಂಬೂರಿಯು ರಾಗವನ್ನು ಹಾಡುವುದಿಲ್ಲ, ಚಪ್ಪಾಳೆಯೂ ಅದಕ್ಕಲ್ಲ. ಆದರೆ ಅದು ನಿಂತರೆ ಗಾಯಕನಿಗೆ ನೆಲೆಯೇ ಇಲ್ಲ.

ತಂದೆತಾಯಿಗಳೇ, ರಜೆಗೆ ಬಂದ ಮಗನನ್ನೋ ಮಗಳನ್ನೋ ‘ಯಾವ ಬಹುಮಾನ ಬಂತು?’ ಎಂದು ಕೇಳುವ ಮೊದಲು, ‘ನಿನ್ನ ಜೊತೆಗೆ ಈ ವರ್ಷ ಹೊಸದಾಗಿ ಹಾಡಲು ಕಲಿತವರು ಯಾರು?’ ಎಂದು ಕೇಳಿ ನೋಡಿರಿ. ಉತ್ತರವಾಗಿ ಒಂದು ಹೆಸರಾದರೂ ಬಂದರೆ ನಿಮ್ಮ ಮಗುವಿನ ವಿದ್ಯಾಭ್ಯಾಸವು ಸಾರ್ಥಕವಾಯಿತೆಂದು ತಿಳಿಯಿರಿ. ಅಂಥ ಮುಂದಾಳುಗಳು ನಮ್ಮ ಮನೆಮನೆಗಳಲ್ಲಿ ಬೆಳೆಯಲಿ. ಸರ್ವರಿಗೂ ಶುಭವಾಗಲಿ.