ಪರದೇಶಿ ಗಿಡದ ತಪ್ಪೇನು?

ಹನಗೋಡು ದಾಟಿ ನಾಗರಹೊಳೆ ಕಾಡಿನ ಅಂಚಿಗೆ ಹೋದರೆ ನಮ್ಮನ್ನು ಎದುರುಗೊಳ್ಳುವುದು ಲಂಟಾನ. ಬಣ್ಣಬಣ್ಣದ ಹೂಗೊಂಚಲಿನ ಮುಳ್ಳುಪೊದೆ. ಅದು ದಟ್ಟವಾಗಿ ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಮೇಲೆ ಜಿಂಕೆ, ಕಾಟಿಗಳಿಗೆ ಮೇವೆಲ್ಲಿ? "ಹೊರಗಿನಿಂದ ಬಂದದ್ದಲ್ಲವೇ, ಅದರ ಗುಣವೇ ಹಾಗೆ" ಎನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನಮಗೆ ಕಸಿವಿಸಿ. ಹೊರಗಿನಿಂದ ಬರುವುದೂ ಒಂದು ಗುಣವೇ?

ಲಂಟಾನ ತಾನಾಗಿ ಬಂದುದಲ್ಲ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದರು. ಹೂದೋಟದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ನಡೆಯಿತು. ತವರಿನಲ್ಲಿ ಅದನ್ನು ತಿಂದು ಹದ್ದಿನಲ್ಲಿಡುವ ಹುಳುಗಳಿವೆ; ಅವು ಹಡಗು ಹತ್ತಲಿಲ್ಲ. ಎಲೆಯಲ್ಲಿ ವಿಷವಿರುವುದರಿಂದ ದನ ಮೂಸಿ ಬಿಡುತ್ತದೆ. ಹಣ್ಣು ತಿಂದ ಹಕ್ಕಿ ಬೀಜ ಹರಡುತ್ತದೆ. ಕಡಿದರೂ ಬುಡ ಚಿಗುರುತ್ತದೆ. ಇಲ್ಲಿನ ಗಿಡಗಳಿಗೋ ಮೇಯುವ ಬಾಯಿಗಳು ನೂರು. ಒಬ್ಬನ ಹೆಗಲಿಗೆ ಮಾತ್ರ ಮೂಟೆ ಹೊರಿಸಿ ಓಟಕ್ಕೆ ಬಿಟ್ಟ ಹಾಗೆ.

ಆದರೂ ದಟ್ಟ ನೆರಳಿನ ಕಾಡಿನೊಳಗೆ ಅದಕ್ಕೆ ಅಷ್ಟು ಸಲೀಸಿಲ್ಲ. ಮರ ಕಡಿದು ಬಿಸಿಲು ಬಿದ್ದಲ್ಲಿ, ಸಹಜ ಕಾಡು ತೆಗೆದು ತೇಗ ನೆಟ್ಟಲ್ಲಿ, ರಸ್ತೆ ಬಗೆದಲ್ಲಿ ಅದು ಬಲಿಯುತ್ತದೆ. ಬಾಗಿಲು ತೆಗೆದವರು ನಾವು. ತರಗಿಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತಾರೆ. ಬೆಂಕಿಯಿಂದಲೇ ಹೆಚ್ಚಿತೆನ್ನುವ ವಿಜ್ಞಾನಿಗಳೂ ಇದ್ದಾರೆ. ಒಂದಂತೂ ನಿಜ: ನಾಗರಹೊಳೆಯ ಜೇನುಕುರುಬರನ್ನು ಅವರ ಹಾಡಿಗಳಿಂದ ಹೊರಗೆ ಕಳಿಸಿದ್ದು ಲಂಟಾನವಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಲ ತುಂಬಿರುವ ಹೊಗೆಸೊಪ್ಪು, ಮುಸುಕಿನ ಜೋಳ, ನಮ್ಮ ಸಾರಿನ ಮೆಣಸಿನಕಾಯಿ, ಎಲ್ಲದರ ತವರೂ ಅದೇ ಅಮೆರಿಕ. ಅವನ್ನು ಯಾರೂ ದಾಳಿಕೋರ ಎನ್ನುವುದಿಲ್ಲ. (ಹೊಗೆಸೊಪ್ಪಿನ ಬ್ಯಾರನ್ನುಗಳು ನುಂಗಿದ ಸೌದೆಯ ಲೆಕ್ಕ ಬೇರೆಯೇ ಇದೆ.) ಗುರುಪುರದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರು ಬೆಳೆಯುವುದೂ ಅದೇ ಮುಸುಕಿನ ಜೋಳವನ್ನೇ. ಅವರನ್ನು ನೋಡಿ ಲಂಟಾನದ ಹೋಲಿಕೆ ಕೊಟ್ಟರೆ ನಾವು ಒಪ್ಪುತ್ತೇವೆಯೇ? ಗಿಡಗಳಲ್ಲಿ ಜಾತಿ ಸಾವಿರ, ಮನುಷ್ಯರದು ಒಂದೇ. ಗಿಡದ ಲೆಕ್ಕವನ್ನು ಮನುಷ್ಯರಿಗೆ ಹಚ್ಚುವವರು ಗಿಡವನ್ನೂ ಸರಿಯಾಗಿ ನೋಡಿದವರಲ್ಲ.

ಹಾಗೆಂದು ಲಂಟಾನವನ್ನು ಬಿಡಬೇಕೆಂದಲ್ಲ, ಕೀಳಲೇಬೇಕು. ಅದು ಪರದೇಶಿ ಎಂಬುದಕ್ಕಲ್ಲ, ಹುಲ್ಲು ಏಳಲು ಬಿಡದು ಎಂಬುದಕ್ಕೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವವರಿದ್ದಾರೆ. ಕಿತ್ತರಷ್ಟೇ ಸಾಲದು, ಆ ಜಾಗದಲ್ಲಿ ಇಲ್ಲಿನ ಹುಲ್ಲನ್ನೇ ಎಬ್ಬಿಸಿ ಎರಡು ಮೂರು ಮಳೆಗಾಲ ಕಾಯಬೇಕು. ಇಲ್ಲವಾದರೆ ಲಂಟಾನ ಹೋದ ಕಡೆ ಕಮ್ಯುನಿಸ್ಟ್ ಗಿಡವೋ, ಸೆನ್ನಾವೋ ಬಂದು ಕೂರುತ್ತದೆ.