ಮೀನು ತಿಂದ ಬಾಯಿ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಮೊದಲ ಅರ್ಧ ನಾವು ತಿಳಿದಷ್ಟು ಸರಳವಲ್ಲವೆಂದು ನನಗೆ ತೋರಿಸಿಕೊಟ್ಟವನು ಸೊಮಾಲಿಯಾದ ಒಬ್ಬ ಹುಡುಗ.

ಮೈಸೂರಿಗೆ ಓದಲು ಬಂದಿದ್ದ ಆತ, ನಮ್ಮ ಮಹಡಿಯ ಕೋಣೆ ಖಾಲಿಯಿದೆಯೆಂದು ಕೇಳಿ ಒಂದು ಸಂಜೆ ಬಂದ. ಬಾಡಿಗೆ, ಮುಂಗಡ ಎಲ್ಲ ಮಾತಾಯಿತು. ಕೊನೆಗೆ ನಾನು, “ಮೀನು, ಮಾಂಸ ಬೇಯಿಸುವುದಿಲ್ಲ ತಾನೆ?” ಎಂದೆ. ಹುಡುಗ ನಕ್ಕ. “ನಮ್ಮಜ್ಜ ಇದ್ದಿದ್ದರೆ ಈ ಪ್ರಶ್ನೆಯ ಅರ್ಧವನ್ನು ಅವನೂ ಕೇಳುತ್ತಿದ್ದ ಸಾರ್. ಒಂಟೆಯ ಮಾಂಸವನ್ನು ಆದರದಿಂದ ಬಡಿಸುವವನು, ಮೀನೆಂದರೆ ಮುಖ ಸಿಂಡರಿಸುತ್ತಿದ್ದ” ಎಂದ.

ಆ ಮಾತು ನನ್ನನ್ನು ಕಾಡಿತು. ಸೊಮಾಲಿಯಾಕ್ಕೆ ಸುಮಾರು 3,000 ಕಿಲೋಮೀಟರ್ ಉದ್ದದ ಕರಾವಳಿಯಿದೆ. ಮೊಗದಿಶು, ಮೆರ್ಕಾ, ಬರಾವೆಗಳಂಥ ಹಳೆಯ ಬಂದರುಗಳಲ್ಲಿಯೂ ದಕ್ಷಿಣದ ಬಜುನಿ ದ್ವೀಪಗಳಲ್ಲಿಯೂ ಜನ ತಲೆಮಾರುಗಳಿಂದ ಮೀನು ಹಿಡಿದು ಬಾಳಿದ್ದಾರೆ. ಒಳನಾಡಿನ ಅಲೆಮಾರಿ ದನಗಾಹಿಗಳಿಗೆ ಮಾತ್ರ ಮೀನು ತಿನ್ನುವವರೆಂದರೆ ತಾತ್ಸಾರ. 1854ರಲ್ಲಿ ಅಲ್ಲಿ ಸಂಚರಿಸಿದ ರಿಚರ್ಡ್ ಬರ್ಟನ್, ಮೀನು ತಿನ್ನುವುದನ್ನೇ ಅವರು ಬೈಗುಳವಾಗಿ ಬಳಸುತ್ತಿದ್ದುದನ್ನು ದಾಖಲಿಸಿದ್ದಾನೆ.

ಇದು ಧರ್ಮದ ಕಟ್ಟಳೆಯೆ? ಅಲ್ಲ. ಸೊಮಾಲಿಗಳು ಇಸ್ಲಾಂ ಧರ್ಮದವರು. ಕಡಲಿನ ಆಹಾರ ಆ ಧರ್ಮದಲ್ಲಿ ನಿಷಿದ್ಧವಲ್ಲ. ಹಾಗಾದರೆ ಈ ಹೇಸಿಗೆ ಎಲ್ಲಿಂದ ಬಂತು? ಅಲೆಮಾರಿಗೆ ಒಂಟೆಯೇ ಹಾಲು, ಒಂಟೆಯೇ ಹಣ, ಒಂಟೆಯೇ ಮಾನ. ವಧುದಕ್ಷಿಣೆಯನ್ನು ಎಣಿಸುತ್ತಿದ್ದುದು ಒಂಟೆಗಳಲ್ಲಿ. ಗಂಡಸೊಬ್ಬನ ಕೊಲೆಗೆ ಸಾಂಪ್ರದಾಯಿಕ ಪರಿಹಾರ ನೂರು ಒಂಟೆ. ಮೀನನ್ನಾದರೋ ಮಂದೆಗಟ್ಟುವಂತಿಲ್ಲ, ಮಗನಿಗೆ ಬಿಟ್ಟುಹೋಗುವಂತಿಲ್ಲ. ಮೀನು ತಿನ್ನುವವನೆಂದರೆ ಮಂದೆಯಿಲ್ಲದವನು ಎಂದರ್ಥ. ಅವರು ನಾಲಗೆಯ ರುಚಿಯೆಂದು ತಿಳಿದದ್ದು, ನನಗೆ ತೋರುವಂತೆ, ಅಂತಸ್ತಿನ ಲೆಕ್ಕವೇ.

1974-75ರಲ್ಲಿ ಘೋರವಾದ ಬರ ಬಂತು. ಮಂದೆಗಳು ನಾಶವಾದವು. ಸರ್ಕಾರವು ಸಾವಿರಾರು ಅಲೆಮಾರಿಗಳನ್ನು ಸೋವಿಯತ್ ವಿಮಾನಗಳಲ್ಲಿಯೂ ಲಾರಿಗಳಲ್ಲಿಯೂ ಸಾಗಿಸಿ ನೆಲೆಗೊಳಿಸಿತು. ಕೆಲವರನ್ನು ಬರಾವೆಯೇ ಮೊದಲಾದ ಕಡಲ ತೀರಗಳಿಗೆ ಕಳಿಸಿ ದೋಣಿ, ಬಲೆ ಕೊಟ್ಟಿತು. ನಿನ್ನೆ ಯಾರನ್ನು ಹೀಗಳೆದಿದ್ದರೋ ಇಂದು ಅವರ ಕಸುಬನ್ನೇ ಕಲಿಯಬೇಕಾಯಿತು. ಕೆಲವರು ಕಲಿತು ಉಳಿದರು. ಎಷ್ಟೋ ಜನ ಮಳೆ ಬಂದೊಡನೆ ಒಂಟೆಗಳನ್ನು ಅರಸಿಕೊಂಡು ಹಿಂದಿರುಗಿದರು. ಅವರನ್ನು ನೋಡಿ ನಗಲಾರೆ. ಹಸಿವೆಯಾಗಲಿ ಸರ್ಕಾರವಾಗಲಿ ಮನುಷ್ಯನ ಬಾಯಿಗೆ ತುತ್ತು ಇಡಬಹುದು. ಆ ತುತ್ತಿಗೆ ಗೌರವವನ್ನು ಬೆರೆಸುವುದು ಅಷ್ಟು ಸುಲಭವಲ್ಲ. ಈಗ ಮೊಗದಿಶುವಿನ ಲೀಡೊ ಕಡಲತೀರದ ಹೋಟೆಲುಗಳಲ್ಲಿ ಜನ ಮೀನನ್ನು ಇಷ್ಟಪಟ್ಟು ತಿನ್ನುತ್ತಾರೆ. ಅಪ್ಪಣೆಯಿಂದ ಆಗದ್ದು ಒಡನಾಟದಿಂದ ಆಗುವುದುಂಟು.

ತನಗೆ ಒಗ್ಗದ ತುತ್ತನ್ನು ಒಲ್ಲೆನೆನ್ನುವ ಹಕ್ಕು ಎಲ್ಲರಿಗೂ ಇದೆ. ಆ ಅಜ್ಜನಿಗೂ ಇತ್ತು, ಸಸ್ಯಾಹಾರಿಯಾದ ನನಗೂ ಇದೆ. ಆದರೆ ತಟ್ಟೆಯನ್ನು ಒಲ್ಲೆನೆನ್ನುವುದು ಬೇರೆ, ತಟ್ಟೆಯ ಮುಂದೆ ಕೂತವನನ್ನು ಒಲ್ಲೆನೆನ್ನುವುದು ಬೇರೆ. ಮೊದಲನೆಯದು ಅಭಿರುಚಿ, ಎರಡನೆಯದು ಅನ್ಯಾಯ. ಎರಡರ ನಡುವಿನ ಗೆರೆ ಎಷ್ಟು ತೆಳುವೆಂದರೆ, ದಾಟಿದ್ದು ದಾಟಿದವನಿಗೇ ತಿಳಿಯುವುದಿಲ್ಲ. ಒಂಟೆಯ ಮಾಂಸ ತಿನ್ನುವವನು ಮೀನು ತಿನ್ನುವವನನ್ನು ಕೀಳೆಂದ. ನಾನು ಇಬ್ಬರನ್ನೂ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಟ್ಟೆ.

ಆ ಹುಡುಗನಿಗೆ ನಾನು ಕೋಣೆ ಕೊಡಲಿಲ್ಲ. ಬೇರೆಯವರಿಗೆ ಮಾತು ಕೊಟ್ಟಿದ್ದೇನೆಂದು ಸುಳ್ಳು ಹೇಳಿದೆ. ಅವನು ಕೈಮುಗಿದು ಹೊರಟುಹೋದ. ಮನೆಯಲ್ಲಿ ಬೇಯಿಸಬೇಡವೆಂದು ಕೇಳಿಕೊಂಡಿದ್ದರೆ ಒಪ್ಪುತ್ತಿದ್ದನೋ ಏನೋ. ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತು: ನನ್ನ ಪ್ರಶ್ನೆಗೆ ಅವನು ಇನ್ನೂ ಉತ್ತರವನ್ನೇ ಹೇಳಿರಲಿಲ್ಲ.