ದೊರ್ಕಳ ಅಂಗಿಗಳು, ನಮ್ಮ ಪೇಟೆಯ ಖಾದಿ ಭಂಡಾರ



ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯವು ನಮ್ಮನ್ನು ಯೊಪ್ಪ ಪಟ್ಟಣದ ಒಂದು ಮೇಲುಕೋಣೆಗೆ ಕರೆದೊಯ್ಯುತ್ತದೆ. ದೊರ್ಕಳೆಂಬ ಶಿಷ್ಯೆ ಕಾಯಿಲೆ ಬಿದ್ದು ಸತ್ತಿದ್ದಾಳೆ. ಆಕೆಯ ದೇಹವನ್ನು ತೊಳೆದು ಅಲ್ಲಿ ಮಲಗಿಸಿದ್ದಾರೆ. ಹತ್ತಿರದ ಲುದ್ದದಲ್ಲಿದ್ದ ಪೇತ್ರನಿಗೆ ಹೇಳಿಕಳುಹಿಸಿದ್ದಾರೆ. ಅವನು ಬಂದು ಮೇಲೆ ಹತ್ತಿದಾಗ ಊರಿನ ವಿಧವೆಯರೆಲ್ಲ ಅವನನ್ನು ಸುತ್ತುವರಿದು ಅಳುತ್ತಾರೆ. ಅಳುತ್ತಲೇ, ಆಕೆ ಬದುಕಿದ್ದಾಗ ತಮಗೆ ಮಾಡಿಕೊಟ್ಟ ಅಂಗಿಗಳನ್ನೂ ಹೊದಿಕೆಗಳನ್ನೂ ಎತ್ತಿ ತೋರಿಸುತ್ತಾರೆ. ಆ ಹೆಂಗಸರಿಗೆ ಭಾಷಣ ಮಾಡಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೈಯಲ್ಲಿದ್ದ ಬಟ್ಟೆಯೇ ಸಾಕ್ಷಿ ಹೇಳಿತು. ಒಬ್ಬಳ ಬೆರಳುಗಳು ದುಡಿದದ್ದು ಮತ್ತೊಬ್ಬಳ ಮೈ ಮುಚ್ಚಿತ್ತು, ಒಬ್ಬಳ ಪ್ರೀತಿ ಮತ್ತೊಬ್ಬಳ ಚಳಿ ನೀಗಿತ್ತು. ದೇವರ ವಾಕ್ಯವು ಆ ಕಣ್ಣೀರನ್ನು ತುಚ್ಛವಾಗಿ ಕಾಣಲಿಲ್ಲ, ಆ ಅಂಗಿಗಳನ್ನು ಮರೆಯಲಿಲ್ಲ. ಎರಡು ಸಾವಿರ ವರ್ಷಗಳಿಂದ ಅವು ಪವಿತ್ರ ಗ್ರಂಥದೊಳಗೆ ಮಡಿಸಿಟ್ಟಂತೆ ಉಳಿದಿವೆ.

ನಮ್ಮಲ್ಲಿ ನಡುವಯಸ್ಸು ದಾಟಿದವರಿಗೆಲ್ಲ ಬಟ್ಟೆಯೊಂದಿಗೆ ಬೆಸೆದುಕೊಂಡ ಒಂದು ಅಂಗಡಿಯ ನೆನಪಿದೆ. ಪೇಟೆಯ ಮುಖ್ಯ ಬೀದಿಯಲ್ಲಿ, ಬಸ್ ನಿಲ್ದಾಣಕ್ಕೂ ಅಂಚೆ ಕಚೇರಿಗೂ ದೂರವಲ್ಲದ ಕಡೆ, ಚರಕದ ಚಿತ್ರ ಬರೆದ ಹಲಗೆಯ ಕೆಳಗೆ ಇದ್ದ ಖಾದಿ ಭಂಡಾರ. ಒಳಗೆ ಕಾಲಿಟ್ಟರೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಅದರೊಂದಿಗೆ ಊದುಬತ್ತಿಯ ಮತ್ತು ಬೇವಿನ ಸಾಬೂನಿನ ವಾಸನೆ. ಗೋಡೆಯ ಮೇಲೆ ನೂಲಿನ ಹಾರ ಹಾಕಿದ ಗಾಂಧೀಜಿಯ ಪಟ. ಗಾಜಿನ ಕಪಾಟಿನಲ್ಲಿ ಜೇನಿನ ಬಾಟಲಿ, ಮೂಲೆಯಲ್ಲಿ ಸುತ್ತಿಟ್ಟ ಜಮಖಾನೆ, ಉದ್ದನೆಯ ಮರದ ಮೇಜಿನ ಮೇಲೆ ಬಟ್ಟೆಯ ಥಾನು. ಅಲ್ಲಿ ಕೆಲಸ ಮಾಡುವವರು ಕಬ್ಬಿಣದ ಅಳತೆಗೋಲಿನಿಂದ ಅವಸರವಿಲ್ಲದೆ ಅಳೆದು, ಕತ್ತರಿಯಿಂದ ಕಚ್ಚು ಮಾಡಿ, ಒಂದೇ ಎಳೆತಕ್ಕೆ ನೇರವಾಗಿ ಹರಿಯುತ್ತಿದ್ದರು. ಆ ಸದ್ದನ್ನು ಕೇಳಿದ ಮಗು ಅದನ್ನು ಮರೆಯುವುದಿಲ್ಲ. ಕಾರ್ಬನ್ ಹಾಳೆ ಇಟ್ಟು ಬಿಲ್ಲು ಬರೆಯುತ್ತಿದ್ದರು, ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಕೊಡುತ್ತಿದ್ದರು. ಅಪ್ಪನ ಪಂಚೆ, ಅಜ್ಜಿಯ ಬಿಳಿ ಸೀರೆ, ದೃಢೀಕರಣದ ದಿನ ಹೊಲಿಸಿದ ಬಿಳಿ ಅಂಗಿ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಬಂದವು. ಚೌಕಾಶಿ ಇರಲಿಲ್ಲ, ಮೋಸವೂ ಇರಲಿಲ್ಲ. ನಮ್ಮ ಹಿರಿಯರು ಆ ಅಂಗಡಿಗೆ ಹೋದದ್ದು ಅದಕ್ಕೇ.

ಇಂದು ಅದೇ ಅಂಗಡಿಯ ಮುಂದೆ ನಾವು ಹಾದುಹೋಗುತ್ತೇವೆ. ಎಷ್ಟೋ ಊರುಗಳಲ್ಲಿ ಹಲಗೆಯ ಬಣ್ಣ ಮಾಸಿದೆ, ಅರ್ಧ ದೀಪ ಉರಿಯುತ್ತದೆ, ಎರಡೂ ಕಡೆ ಸಿದ್ಧ ಉಡುಪಿನ ಮಳಿಗೆಗಳು ಬೆಳಕಿನಲ್ಲಿ ಮುಳುಗಿವೆ. ಕೈಯಲ್ಲಿ ನೂತ ನೂಲು, ಕೈಮಗ್ಗದಲ್ಲಿ ನೇಯ್ದ ಬಟ್ಟೆ ಯಂತ್ರದ ಬಟ್ಟೆಯ ಬೆಲೆಗೆ ಸಿಗಲಾರದು. ಸಿಗಬೇಕೆಂದು ಹಟ ಹಿಡಿದರೆ ಆ ಅಗ್ಗದ ಭಾರವನ್ನು ಹೊರುವವಳು ನೂಲುವ ಹೆಂಗಸು. ದೂರದ ಮಾತೇಕೆ, ನಮ್ಮ ಧಾರವಾಡದ ಪಕ್ಕದ ಗರಗಕ್ಕೆ ಹೋಗಿ ನೋಡಿರಿ. ರಾಷ್ಟ್ರಧ್ವಜದ ಖಾದಿ ಬಟ್ಟೆಯನ್ನು ನೇಯ್ದ ಊರು ಅದು. ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ನೋಡಿರಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ನೂಲಿಗೆ, ನೇಯ್ಗೆಗೆ, ಬಣ್ಣಕ್ಕೆ, ಚಕ್ರದ ಅಚ್ಚಿಗೆ, ಹೊಲಿಗೆಗೆ ಒಂದೊಂದಕ್ಕೂ ಅಳತೆ ನೋಡಿ ಅಲ್ಲಿ ಧ್ವಜ ಸಿದ್ಧಮಾಡುತ್ತಾರೆ. ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರ ಕೈಗಳು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮರುವರ್ಷ ಸ್ವಾತಂತ್ರ್ಯದ 75ನೆಯ ಹಬ್ಬಕ್ಕೆ ದೇಶದ ಮನೆಮನೆಯ ಮೇಲೆ ಧ್ವಜ ಹಾರಿತು. ಆ ಸಂಭ್ರಮದ ವರ್ಷದಲ್ಲೇ ಬೆಂಗೇರಿಯವರು ತಮ್ಮ ಧ್ವಜಕ್ಕೆ ಬೇಡಿಕೆ ಕುಸಿಯಿತೆಂದು ನೋವಿನಿಂದ ಹೇಳಬೇಕಾಯಿತು. ಸರ್ಕಾರದ ತೀರ್ಮಾನಗಳ ಲೆಕ್ಕ ಕೇಳುವ ಸ್ಥಳ ಈ ವೇದಿಕೆಯಲ್ಲ. ನಮ್ಮ ಹೃದಯದ ಲೆಕ್ಕವನ್ನಂತೂ ಇಲ್ಲಿ ಕೇಳಲೇಬೇಕು.

ಪ್ರಿಯರೇ, ಆ ಅಂಗಡಿಯ ಮಾತು ಬಂದರೆ ನಮ್ಮ ಧ್ವನಿ ಮೆತ್ತಗಾಗುತ್ತದೆ. ಎಂಥ ಬಟ್ಟೆ, ಎಂಥ ಜನ, ಎಂಥ ಕಾಲ ಎನ್ನುತ್ತೇವೆ. ಬಾಗಿಲು ಮುಚ್ಚಿತಂತೆ ಎಂಬ ಸುದ್ದಿ ಯಾವುದೋ ಊರಿನಿಂದ ಬಂದರೆ ನಿಟ್ಟುಸಿರು ಬಿಡುತ್ತೇವೆ. ಆದರೆ ಆ ಬಾಗಿಲನ್ನು ನಾವು ಕೊನೆಯ ಬಾರಿಗೆ ದಾಟಿದ್ದು ಯಾವಾಗ? ಯೊಪ್ಪದ ವಿಧವೆಯರು ಸತ್ತವಳಿಗಾಗಿ ಅತ್ತರು. ನಾವು ಬದುಕಿರುವವರಿಗಾಗಿ ಅಳುತ್ತಿದ್ದೇವೆ. ಅವರು ಮೈಮೇಲೆ ಹಾಕಿಕೊಂಡ ಬಟ್ಟೆಯನ್ನು ತೋರಿಸಿ ಅತ್ತರು. ನಾವು ಕೊಳ್ಳದೆ ಬಿಟ್ಟ ಬಟ್ಟೆಯನ್ನು ನೆನೆದು ಅಳುತ್ತಿದ್ದೇವೆ. ಗರಗದ ಮಗ್ಗದ ಮುಂದೆ ಈಹೊತ್ತೂ ಒಬ್ಬ ತಾಯಿ ಕುಳಿತಿದ್ದಾಳೆ, ಆಕೆಯ ಉಸಿರು ನಿಂತಿಲ್ಲ, ಆಕೆಯ ಲಾಳಿ ನಿಂತಿಲ್ಲ. ಆದರೂ ನಾವು ಆಕೆಯನ್ನು ತೊಳೆದು ಮೇಲುಕೋಣೆಯಲ್ಲಿ ಮಲಗಿಸಿ, ಹೂವಿಟ್ಟು, ಒಳ್ಳೆಯ ಮಾತಾಡಿ ಇಳಿದುಬಂದಿದ್ದೇವೆ. ಇದನ್ನು ನಾನು ಪಾಪವೆಂದೇ ಕರೆಯುತ್ತೇನೆ. ಕದ್ದದ್ದು ಪಾಪ, ಸುಳ್ಳಾಡಿದ್ದು ಪಾಪ ಎಂಬುದು ನಮಗೆಲ್ಲ ಗೊತ್ತು. ಮಾಡಬಹುದಾದ ಒಳ್ಳೆಯದನ್ನು ಬಲ್ಲವನಾಗಿ ಅದನ್ನು ಮಾಡದೆ ಹೋಗುವುದೂ ಪಾಪವೇ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಸಭೆಗೆ ಬರೆದಿದ್ದಾನೆ. ಹಸಿದವನಿಗೆ ಬರಿಯ ಹಾರೈಕೆ ಕೊಟ್ಟು ಕಳುಹಿಸುವವರನ್ನು ಗದರಿಸಿದವನೂ ಅವನೇ. ನಮ್ಮ ನೆನಪೇ ಅಂಥ ಹಾರೈಕೆಯಾಗಿಬಿಟ್ಟಿದೆ. ಅದಕ್ಕೆ ಖರ್ಚಿಲ್ಲ, ಶ್ರಮವಿಲ್ಲ. ನೆನೆಸಿಕೊಂಡವನಿಗೆ ತಾನು ಪ್ರೀತಿಸಿದೆನೆಂಬ ತೃಪ್ತಿ ಸಿಗುತ್ತದೆ. ಪ್ರೀತಿಗೆ ಪಾತ್ರಳಾದವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ದಿನಗೂಲಿಯಲ್ಲಿ ಮಕ್ಕಳಿಗೆ ಅಂಗಿ ತರಬೇಕಾದ ತಂದೆಯ ಮೇಲೆ, ಸಂತೆಯಲ್ಲಿ ಕಡಿಮೆ ಬೆಲೆಯ ಸೀರೆ ಹುಡುಕುವ ತಾಯಿಯ ಮೇಲೆ ಈ ಮಾತಿನ ಭಾರ ಬೀಳದಿರಲಿ. ನಾನು ಹೇಳುತ್ತಿರುವುದು ಕೈಯಲ್ಲಿ ಇದ್ದೂ ಕೊಡದವರಿಗೆ, ಒಂದೇ ಹಬ್ಬಕ್ಕೆ ನಾಲ್ಕು ಜೊತೆ ಕೊಳ್ಳುವವರಿಗೆ, ಅಕ್ಟೋಬರ್ 2ರ ರಿಯಾಯಿತಿ ಹಲಗೆ ಹಾಕಿದಾಗ ಮಾತ್ರ ಆ ಮೆಟ್ಟಿಲು ನೆನಪಾಗುವವರಿಗೆ.

ಹಾಗಾದರೆ ನೆನಪೇ ತಪ್ಪೋ? ಅಲ್ಲ. ನೆನಪು ದೇವರ ದಾನ. ಎಫೆಸದ ಸಭೆ ತನ್ನ ಮೊದಲಿನ ಪ್ರೀತಿಯನ್ನು ಬಿಟ್ಟಾಗ ಕರ್ತನು ಆ ಸಭೆಗೆ ಏನು ಹೇಳಿಕಳುಹಿಸಿದನೆಂಬುದನ್ನು ಪ್ರಕಟನೆಯ ಎರಡನೆಯ ಅಧ್ಯಾಯದಲ್ಲಿ ಓದಿರಿ. ಎಲ್ಲಿಂದ ಬಿದ್ದೆಯೋ ಅದನ್ನು ಜ್ಞಾಪಿಸಿಕೋ ಎಂದನು, ತಿರುಗಿಕೋ ಎಂದನು, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮತ್ತೆ ಮಾಡು ಎಂದನು. ಜ್ಞಾಪಕದಿಂದ ಆರಂಭಿಸಿದವನು ಜ್ಞಾಪಕದಲ್ಲೇ ನಿಲ್ಲಲಿಲ್ಲ. ನೆನಪು ಹಂಜಿಯಿದ್ದಂತೆ, ನೂಲದೆ ಬಿಟ್ಟರೆ ಗಾಳಿ ಹೊತ್ತೊಯ್ಯುತ್ತದೆ, ನೂತರೆ ಯಾರದೋ ಮೈ ಮುಚ್ಚುತ್ತದೆ. ಪೇತ್ರನು ಆ ಕೋಣೆಯಲ್ಲಿ ಮಾಡಿದ್ದನ್ನು ನೋಡಿರಿ. ಅಂಗಿಗಳನ್ನು ನೋಡಿದನು, ಅಳುವನ್ನು ಕೇಳಿದನು, ಆಮೇಲೆ ಎಲ್ಲರನ್ನೂ ಹೊರಗೆ ಕಳುಹಿಸಿದನು. ಅಳುವವರ ನಡುವೆ ಅಳುತ್ತಾ ಕೂರಲಿಲ್ಲ, ಮೊಣಕಾಲೂರಿ ಪ್ರಾರ್ಥಿಸಿದನು. ಸತ್ತವಳ ಕಡೆಗೆ ತಿರುಗಿ ಏಳೆಂದು ಹೇಳಿದನು. ಕಣ್ಣು ತೆರೆದು ಕುಳಿತವಳಿಗೆ ಕೈಕೊಟ್ಟು ಎಬ್ಬಿಸಿದನು. ಪ್ರಾರ್ಥಿಸಿದ್ದು ಅವನು, ಜೀವ ಕೊಟ್ಟದ್ದು ದೇವರು. ಮರಣವನ್ನೇ ಹಿಂದಕ್ಕೆ ತಳ್ಳಬಲ್ಲ ಆ ಕೃಪೆಗೆ ನಮ್ಮ ಮರಗಟ್ಟಿದ ಪ್ರೀತಿಯನ್ನು ಎಬ್ಬಿಸುವುದು ಅಸಾಧ್ಯವೇ?

ಒಬ್ಬ ಮನುಷ್ಯನ ಬದುಕು ಹೇಗೆ ತಿರುಗುತ್ತದೆಂಬುದಕ್ಕೆ ನಮ್ಮ ದೇಶದ ಕ್ರೈಸ್ತ ವಿಶ್ವಾಸಿಗಳಲ್ಲೇ ಒಂದು ಸಾಕ್ಷಿಯಿದೆ. ಜೆ.ಸಿ. ಕುಮಾರಪ್ಪನವರು 1892ರಲ್ಲಿ ತಂಜಾವೂರಿನ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಮುಂಬಯಿಯಲ್ಲಿ ವೃತ್ತಿ ನಡೆಸಿದರು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದರು. ಕೋಟು ಟೈ ಅವರ ಉಡುಪು, ಒಳ್ಳೆಯ ವರಮಾನ ಅವರ ಪಾಲು. 1929ರಲ್ಲಿ ಸಾಬರಮತಿಯಲ್ಲಿ ಗಾಂಧೀಜಿಯನ್ನು ಕಂಡರು. ಅಲ್ಲಿಂದ ಉಡುಪು ಬದಲಾಯಿತು. ಅದಕ್ಕಿಂತ ಹೆಚ್ಚಾಗಿ, ಅವರ ಲೆಕ್ಕದ ವಿದ್ಯೆ ಯಾರ ಪರವಾಗಿ ದುಡಿಯಬೇಕೆಂಬುದು ಬದಲಾಯಿತು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಅದರ ಹೊಣೆ ಹೊತ್ತು ವಾರ್ಧಾದಲ್ಲಿ ನೆಲೆಸಿದರು. ಜಬಲಪುರದ ಸೆರೆಮನೆಯಲ್ಲಿ ಕುಳಿತು ಹಳ್ಳಿಯ ದುಡಿಮೆಯ ಅರ್ಥವ್ಯವಸ್ಥೆಯ ಬಗ್ಗೆ ಒಂದು ಪುಸ್ತಕವನ್ನೂ, ಯೇಸುವಿನ ಬೋಧನೆ ಮತ್ತು ಆಚರಣೆಯ ಬಗ್ಗೆ ಇನ್ನೊಂದನ್ನೂ ಬರೆದರು. ಎರಡನ್ನೂ ಬರೆದದ್ದು ಒಂದೇ ಕೈ, ಒಂದೇ ಸೆರೆಮನೆಯ ಗೋಡೆಯೊಳಗೆ. ಕೊಳ್ಳುವುದು, ಮಾರುವುದು, ಉಡುವುದು ದೇವರ ದೃಷ್ಟಿಯ ಹೊರಗಿನ ಸಂಗತಿಗಳಲ್ಲವೆಂದು ಅವರು ನಂಬಿದರು, ನಂಬಿದಂತೆ ಬದುಕಿದರು.

ನಮ್ಮ ಸಭೆಗೂ ಮಗ್ಗದ ಋಣವಿದೆ. 19ನೆಯ ಶತಮಾನದಲ್ಲಿ ವಿಶ್ವಾಸಕ್ಕೆ ಬಂದು ಮನೆ, ಹೊಲ, ಬಂಧುಬಳಗ ಕಳೆದುಕೊಂಡ ಎಷ್ಟೋ ಜನರಿಗೆ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದ ನೇಯ್ಗೆಯ ಕಾರ್ಖಾನೆ ಅನ್ನ ಕೊಟ್ಟಿತು. ನೇಯ್ದು ಬದುಕಿದವರ ಮರಿಮಕ್ಕಳು ಇಂದು ಈ ಆಲಯಗಳಲ್ಲಿ ಕುಳಿತು ಹಾಡುತ್ತಾರೆ. ನೇಯುವ ಇನ್ನೊಬ್ಬಳ ಕೂಲಿಯ ಮಾತು ಬಂದಾಗ ನಾವು ಅಪರಿಚಿತರಂತೆ ಮುಖ ತಿರುಗಿಸಬಹುದೇ?

ತಪ್ಪು ತಿಳಿಯಬೇಡಿರಿ. ಖಾದಿ ಉಟ್ಟವನು ಅದರಿಂದಲೇ ರಕ್ಷಣೆ ಹೊಂದುವುದಿಲ್ಲ, ಬಿಟ್ಟವನು ಅದರಿಂದಲೇ ನಾಶವಾಗುವುದಿಲ್ಲ. ರಕ್ಷಣೆ ಕ್ರಿಸ್ತನ ಶಿಲುಬೆಯಿಂದ, ಕ್ರಿಸ್ತನ ಕೃಪೆಯಿಂದ, ಕ್ರಿಸ್ತನ ರಕ್ತದಿಂದ ಮಾತ್ರ. ಆದರೆ ಕೃಪೆ ಒಂದು ಮನೆಯೊಳಗೆ ಬಂದರೆ ಆ ಮನೆಯ ಹಣದ ಚೀಲವನ್ನು ಮುಟ್ಟದೆ ಹೋಗುವುದಿಲ್ಲ. ಜಕ್ಕಾಯನು ಮರ ಹತ್ತಿದಾಗ ಯಾರೂ ಅವನಿಂದ ಏನೂ ಕೇಳಿರಲಿಲ್ಲ. ಕರ್ತನು ಅವನ ಹೆಸರು ಹಿಡಿದು ಕರೆದನು, ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದನು, ಅಷ್ಟೇ. ಜಕ್ಕಾಯನು ತಾನಾಗಿ ಎದ್ದುನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆಂದನು, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟೆಂದನು. ಪ್ರೀತಿ ಮೊದಲು ಬಂತು, ಲೆಕ್ಕ ಆಮೇಲೆ ಸರಿಹೋಯಿತು. ನಮ್ಮನ್ನೂ ಆತನು ಹೆಸರು ಹಿಡಿದು ಕರೆದಿದ್ದಾನೆ. ನಾವು ಆತನ ಮುಂದೆ ಎದ್ದುನಿಂತು ಹೇಳುವ ಮಾತು ಯಾವುದು?

ಆದುದರಿಂದ ಪ್ರಿಯರೇ, ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಇಂದು ರಾತ್ರಿ ಮನೆಯಲ್ಲಿ ಪ್ರಾರ್ಥಿಸುವಾಗ ನಮಗಾಗಿ ದುಡಿಯುವ, ನಾವು ಮುಖ ಕಾಣದ ಕೈಗಳನ್ನು ನೆನೆಯಿರಿ. ಕುಟುಂಬಕ್ಕೆ ಒಂದು ಬಟ್ಟೆ ಕೊಳ್ಳುವ ಶಕ್ತಿಯಿದ್ದರೆ ಈ ವರ್ಷ ಒಂದನ್ನು ಆ ಅಂಗಡಿಯಿಂದ ತನ್ನಿರಿ; ಒಂದು ಟವೆಲ್ಲಾದರೂ ಆಗಲಿ, ಪೂರ್ತಿ ಬೆಲೆ ಕೊಟ್ಟು ತನ್ನಿರಿ. ಕ್ರಿಸ್‌ಮಸ್ಸಿಗೆ ಗಾಯಕವೃಂದದ ಹೊಸ ನಿಲುವಂಗಿ, ಕರ್ತನ ಮೇಜಿನ ಹಾಸು, ದೃಢೀಕರಣದ ಮಕ್ಕಳ ಬಿಳಿ ಉಡುಪು ಎಲ್ಲಿಂದ ಬರಬೇಕೆಂಬುದನ್ನು ಸಭೆಯ ಹಿರಿಯರೂ ಸ್ತ್ರೀಸಮಾಜದವರೂ ಕೂಡಿ ನಿಶ್ಚಯಿಸಿರಿ. ನಿಮ್ಮ ಮಕ್ಕಳನ್ನು ಕೈಹಿಡಿದು ಒಮ್ಮೆ ಗರಗಕ್ಕೋ ಬೆಂಗೇರಿಗೋ ಕರೆದೊಯ್ಯಿರಿ, ನೂಲು ಬಟ್ಟೆಯಾಗುವುದನ್ನು ಅವರು ನೋಡಲಿ, ನೇಯುವ ತಾಯಂದಿರಿಗೆ ಕೈಮುಗಿಯಲಿ. ಅಂಗಡಿಯ ಮೇಜಿನ ಹಿಂದೆ ಕುಳಿತವರ ಹೆಸರು ಕೇಳಿರಿ, ಅವರ ಮನೆಯವರು ಚೆನ್ನಾಗಿದ್ದಾರೆಯೇ ಎಂದು ಕೇಳಿರಿ. ಹಿರಿಯರೇ, ನಿಮ್ಮ ಹಳೆಯ ಕಥೆಗಳನ್ನು ಹೇಳುವುದಾದರೆ ಆ ಬಾಗಿಲ ಒಳಗೆ ನಿಂತು ಹೇಳಿರಿ, ಮೊಮ್ಮಕ್ಕಳು ಕೇಳಲಿ. ಯುವಕರೇ, ಯುವತಿಯರೇ, ನಿಮಗೆ ಆ ಕಾಲದ ನೆನಪಿಲ್ಲವೆಂದು ಹಿಂದೆ ಸರಿಯಬೇಡಿರಿ. ನ್ಯಾಯವಾಗಿ ದುಡಿದವಳಿಗೆ ನ್ಯಾಯವಾಗಿ ಕೊಡಲು ನೆನಪು ಬೇಕಾಗಿಲ್ಲ. ನಮ್ಮ ಪೇಟೆಯ ಖಾದಿ ಭಂಡಾರದ ಬಾಗಿಲು ಇನ್ನೂ ತೆರೆದಿದೆ. ಇದೇ ವಾರ ಹೋಗಿರಿ.